ಮರವಾದವಳ ಮಾತು: ಅಜ್ಜಿಯರ ಕಥೆಯಿಂದ ಬೆಳ್ಳಿತೆರೆಗೆ

ಬಡ ಮುದುಕಿಗೆ ಇಬ್ಬರು ಹೆಣ್ಣುಮಕ್ಕಳು. ತಾಯಿಯ ಕಷ್ಟ ನೋಡಲಾರದೆ ಕಿರಿಯವಳು ಒಂದು ದಿನ ಅಕ್ಕನನ್ನು ಕರೆದು ಎರಡು ಕೊಡ ನೀರು ತರಲು ಹೇಳುತ್ತಾಳೆ. ನೆಲ ಗುಡಿಸಿ, ಸಾರಿಸಿ, ನಡುವೆ ಕೂತು ದೇವರ ಧ್ಯಾನ ಮಾಡುತ್ತೇನೆ; ಒಂದು ಕೊಡದ ನೀರನ್ನು ಉಗುರು ತಾಗದ ಹಾಗೆ ಮೈಮೇಲೆ ಸುರಿ; ನಾನು ಹೂವಿನ ಮರವಾಗುತ್ತೇನೆ; ಬೇಕಾದಷ್ಟು ಹೂ ಕೊಯ್ದುಕೋ, ಆದರೆ ಒಂದು ಕುಡಿ ಮುರಿಯಬೇಡ, ಒಂದು ಎಲೆ ಹರಿಯಬೇಡ; ಆಮೇಲೆ ಎರಡನೆಯ ಕೊಡದ ನೀರು ಹಾಕು, ಮತ್ತೆ ನಾನಾಗುತ್ತೇನೆ. ಅಕ್ಕ ಹಾಗೇ ಮಾಡುತ್ತಾಳೆ. ಹೂ ಅರಮನೆಗೆ ಹೋಗುತ್ತದೆ, ದುಡ್ಡು ಬರುತ್ತದೆ. ತಾಯಿಗೆ ಗೊತ್ತಾದಾಗ ಮೊದಲು ಸಿಗುವುದು ಏಟು.

ರಾಜಕುಮಾರ ಕದ್ದು ನೋಡುತ್ತಾನೆ. ಮದುವೆಯಾಗುತ್ತದೆ. ಹಾಸಿಗೆಯ ಪಕ್ಕದಲ್ಲಿ ಅವನು ಕೇಳುವುದು ಒಂದೇ: ಮರವಾಗು. ನಾಚಿಕೆ, ಅಂಜಿಕೆಗಳ ನಡುವೆ ಅವಳು ಒಪ್ಪುತ್ತಾಳೆ. ದಿನಾ ರಾತ್ರಿ ಹೂವಿನ ಹಾಸಿಗೆ, ಬೆಳಗ್ಗೆ ಕಿಟಕಿಯ ಹೊರಗೆ ಬಾಡಿದ ಹೂವಿನ ಗುಡ್ಡೆ. ಅದನ್ನು ಕಂಡ ನಾದಿನಿ ಒಳಗುಟ್ಟು ತಿಳಿದು, ಅತ್ತೆಯ ಅಪ್ಪಣೆ ಪಡೆದು, ಅತ್ತಿಗೆಯನ್ನು ಸುರಹೊನ್ನೆಯ ತೋಪಿಗೆ ಕರೆದೊಯ್ಯುತ್ತಾಳೆ. ಗೆಳತಿಯರ ಗುಂಪು ಕಾಡಿ ಬೇಡಿ ಅವಳನ್ನು ಮರ ಮಾಡುತ್ತದೆ, ಕೊಂಬೆ ಮುರಿಯುತ್ತದೆ, ಎಲೆ ಹರಿಯುತ್ತದೆ. ಮಳೆ ಗುಡುಗು ಶುರುವಾದಾಗ ಎರಡನೆಯ ಕೊಡವನ್ನು ಹೇಗೆಂದರೆ ಹಾಗೆ ಚೆಲ್ಲಿ ಓಡುತ್ತದೆ. ಉಳಿಯುವುದು ಕೈಯಿಲ್ಲದ, ಕಾಲಿಲ್ಲದ, ಮೈತುಂಬ ಗಾಯದ ಅರ್ಧ ದೇಹ. ನೀರಿನಲ್ಲಿ ತೇಲಿ ಚರಂಡಿಗೆ ಬಿದ್ದವಳ ನರಳಾಟ ಹತ್ತಿ ಗಾಡಿ ಹೊಡೆಯುವವನ ಕಿವಿಗೆ ಬೀಳುತ್ತದೆ. ಅವನು ಮೇಲೊಂದು ಬಟ್ಟೆ ಹೊದಿಸಿ ಯಾವುದೋ ಊರಿನ ಪಾಳು ಮಂಟಪದಲ್ಲಿ ಬಿಟ್ಟು ಹೋಗುತ್ತಾನೆ. ಆ ಊರಿನ ರಾಣಿ ಗಂಡನ ಅಕ್ಕ.

ಕಡೆಗೆ, ಹೆಂಡತಿಯನ್ನು ಕಳೆದುಕೊಂಡು ಬೈರಾಗಿಯಾದ ಗಂಡ ಅದೇ ಅರಮನೆಗೆ ಬರುತ್ತಾನೆ. ಕಾಲೊತ್ತಲು ಈ ತುಂಡುದೇಹವನ್ನು ಅವನ ಕೋಣೆಗೆ ಕಳಿಸುತ್ತಾರೆ. ಅವನು ಗುರುತು ಹಿಡಿಯುತ್ತಾನೆ. ಅಲ್ಲಿಯವರೆಗೆ ನರಳುವುದಷ್ಟೇ ಗೊತ್ತಿದ್ದ ಅವಳಿಗೆ ಆಗ ಮಾತು ಬರುತ್ತದೆ. ಆದದ್ದೆಲ್ಲವನ್ನೂ ಮೊದಲಿನಿಂದ ಹೇಳುತ್ತಾಳೆ. ಏನು ಮಾಡಬೇಕು ಎಂದು ಅವನು ಕೇಳಿದಾಗ ಅವಳೇ ತಿಳಿಸುತ್ತಾಳೆ: ಈ ಕೊಡದ ನೀರು ಸುರಿ, ಮರವಾಗುತ್ತೇನೆ, ಮುರಿದ ಕೊಂಬೆಯನ್ನು ನೆಟ್ಟಗೆ ಮಾಡು, ಹರಿದ ಎಲೆಯನ್ನು ಕಟ್ಟು, ಆಮೇಲೆ ಆ ಕೊಡದ ನೀರು. ಅವಳು ಇಡಿಯಾಗಿ ಎದ್ದು ನಿಲ್ಲುತ್ತಾಳೆ.

ಕನ್ನಡ ನಾಡಿನಲ್ಲಿ ಹೆಂಗಸರ ಬಾಯಲ್ಲಿದ್ದ ಈ ಕಥೆಯನ್ನು ಲೋಕಕ್ಕೆ ತಲುಪಿಸಿದವರು ಎ.ಕೆ. ರಾಮಾನುಜನ್. ಮೈಸೂರಿನಲ್ಲಿ 1929ರಲ್ಲಿ ಹುಟ್ಟಿದ ಅವರು 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದರು. ಪಾಠದಾಚೆಗೆ ಅವರು ಮಾಡಿದ್ದು ಕಥೆ ಕೇಳುವ ಕೆಲಸ. ಆಗ ಕಿವಿಗೆ ಬಿದ್ದದ್ದನ್ನು 1959ರ ನಂತರ ಅಮೆರಿಕಕ್ಕೂ ಒಯ್ದರು, ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಕೂತು ದಶಕಗಳ ಕಾಲ ಅದರ ಬಗ್ಗೆ ಯೋಚಿಸಿದರು. ಅವರು ಕಂಡುಕೊಂಡ ಒಂದು ಸಂಗತಿ ಇಡೀ ಈ ಇತಿಹಾಸಕ್ಕೆ ಕೀಲಿ. ಮನೆಯೊಳಗೆ ಹೇಳುವ ಕಥೆಗಳಲ್ಲಿ ಪಾತ್ರಗಳಿಗೆ ಹೆಸರಿರುವುದಿಲ್ಲ. ಒಬ್ಬ ರಾಜ, ಒಬ್ಬಳು ಸೊಸೆ, ಒಬ್ಬಳು ಮುದುಕಿ ಇಷ್ಟೇ. ಅದೇ ಕಥೆ ಬಯಲಿಗೆ ಬಂದು, ಕಸುಬಿನವರ ಕೈಗೆ ಸಿಕ್ಕಾಗ ಹೆಸರು, ಊರು, ವೇಷ, ಹಾಡು ಎಲ್ಲ ಸೇರಿಕೊಳ್ಳುತ್ತವೆ.

ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ ನಿಂತು ನೋಡಿದರೆ ಈ ಮಾತು ಕಣ್ಣಿಗೇ ಕಾಣುತ್ತದೆ. ಸುರಪುರ ಸೀಮೆಯ ಈ ಊರು ಮೌನೇಶ್ವರನ ಗದ್ದುಗೆಯ ಊರು. ಹಿಂದೂಗಳೂ ಮುಸಲ್ಮಾನರೂ ಕೂಡಿ ನಡೆದುಕೊಳ್ಳುವ ಜಾಗ. ನಮ್ಮ ಈ ಭಾಗದ ಜಾತ್ರೆಗಳೆಂದರೆ ತೇರು, ತೆಂಗಿನಕಾಯಿಗಳ ಜೊತೆಗೆ ಆಟವೂ ಹೌದು. ದೊಡ್ಡಾಟ, ಸಣ್ಣಾಟ, ಕಂಪನಿ ನಾಟಕ, ಆಮೇಲೆ ಟೆಂಟಿನ ಸಿನಿಮಾ. ಬಯಲಾಟದ ಅಟ್ಟದ ಮೇಲೆ ದ್ರೌಪದಿಯಾಗಿ ಕುಣಿಯುತ್ತಿದ್ದವನು ಮೀಸೆ ಬೋಳಿಸಿಕೊಂಡ ಗಂಡಸು. ಅವಳ ಮಾತನ್ನು ಬರೆದವನೂ ಗಂಡಸು, ಕಲಿಸಿದ ಮಾಸ್ತರನೂ ಗಂಡಸು. ಹೆಂಗಸರು ಕೆಳಗೆ, ಕಂಬಳಿ ಹಾಸಿಕೊಂಡು ಕೂತವರು. ಅವರು ತಾವೇ ಕಥೆ ಹೇಳುತ್ತಿದ್ದುದು ಬೇರೆ ಕಡೆ: ಬೀಸುವ ಕಲ್ಲಿನ ಮುಂದೆ, ಹತ್ತಿ ಬಿಡಿಸುವ ಹೊಲದಲ್ಲಿ, ಮಕ್ಕಳಿಗೆ ಉಣಿಸುವ ಹೊತ್ತಿನಲ್ಲಿ. ಮರವಾದ ಹುಡುಗಿ ಆ ಎರಡನೆಯ ಜಾಗದವಳು. ಅವಳು ಅಲ್ಲಿಂದ ಅಟ್ಟದ ಮೇಲೆ, ಅಟ್ಟದಿಂದ ತೆರೆಯ ಮೇಲೆ ಏರಿದಾಗ ಏನನ್ನು ಪಡೆದಳು, ಏನನ್ನು ಕಳೆದುಕೊಂಡಳು ಎಂಬುದು ನನಗೆ ಬಹುಕಾಲದಿಂದ ಕಾಡುವ ಪ್ರಶ್ನೆ.

ಕನ್ನಡ ಸಿನಿಮಾ ಮಾಯೆಯ ಹೆಣ್ಣನ್ನು ಬಹಳ ಬೇಗ ಕಂಡುಕೊಂಡಿತು. ಮಹಾತ್ಮ ಪಿಕ್ಚರ್ಸ್‌ನ ಡಿ. ಶಂಕರ್ ಸಿಂಗ್ 1951ರಲ್ಲಿ ‘ಜಗನ್ಮೋಹಿನಿ’ ತಂದರು. ಹರಿಣಿ ಅಭಿನಯಿಸಿದ ಆ ಚಿತ್ರಕ್ಕೆ ಜನ ಮುಗಿಬಿದ್ದರು. ಅಲ್ಲಿಂದ ಮುಂದೆ ಜಾನಪದ ಚಿತ್ರಗಳಲ್ಲಿ ಮೋಹಿನಿ, ನಾಗಕನ್ನಿಕೆ, ಮಾಂತ್ರಿಕನ ಮಗಳು ಇವರೆಲ್ಲ ಬಂದು ಹೋದರು. ಅವರ ಶಕ್ತಿ ನೋಡಲಿಕ್ಕೆ ಚೆಂದ. ಆದರೆ ಆ ಶಕ್ತಿಗೆ ಏನು ಕಟ್ಟಳೆ, ಅದನ್ನು ಬಳಸಿದರೆ ಅವಳಿಗೆ ಏನಾಗುತ್ತದೆ ಎಂದು ಕೇಳುವ ತಾಳ್ಮೆ ಆ ಚಿತ್ರಗಳಿಗೆ ಇರಲಿಲ್ಲ. ಅಜ್ಜಿಯರ ಕಥೆಯಲ್ಲಿ ಅದೇ ಮೊದಲ ಪ್ರಶ್ನೆ: ಉಗುರು ತಾಗಿತೋ ಇಲ್ಲವೋ?

ಅರವತ್ತರ ದಶಕದ ಕೊನೆಗೆ ಕಾದಂಬರಿಯ ಕಾಲ ಬಂತು. ಪುಟ್ಟಣ್ಣ ಕಣಗಾಲ್ ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಚಿತ್ರ ‘ಬೆಳ್ಳಿಮೋಡ’ (1967) ತ್ರಿವೇಣಿಯವರ ಕಾದಂಬರಿಯದು. ‘ಶರಪಂಜರ’ (1971) ಕೂಡ ಅವರದೇ. ತ್ರಿವೇಣಿ 1963ರಲ್ಲೇ ತೀರಿಕೊಂಡಿದ್ದರು. ತಮ್ಮ ಇಂದಿರೆಗೂ ಕಾವೇರಿಗೂ ಕಲ್ಪನಾ ಮುಖ ಕೊಟ್ಟದ್ದನ್ನು ಅವರು ನೋಡಲಿಲ್ಲ. ಬದುಕಿದ್ದ ಲೇಖಕರ ಮಾತು ಬೇರೆ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಕೂಡಿಸಿ ಪುಟ್ಟಣ್ಣ 1972ರಲ್ಲಿ ‘ನಾಗರಹಾವು’ ಮಾಡಿದಾಗ, ತಮ್ಮ ನಾಗರಹಾವನ್ನು ಕೇರೆಹಾವು ಮಾಡಿದರೆಂದು ಲೇಖಕರು ನೊಂದುಕೊಂಡರೆಂಬ ಮಾತು ಇವತ್ತಿಗೂ ಚಾಲ್ತಿಯಲ್ಲಿದೆ. ಓದಿದವರ ಮನಸ್ಸಿನ ಅಲಮೇಲು, ಮಾರ್ಗರೆಟ್ ಬೇರೆ, ತೆರೆಯ ಅಲಮೇಲು, ಮಾರ್ಗರೆಟ್ ಬೇರೆ ಎಂಬ ಜಗಳ ಆಗ ಮನೆಮನೆಯಲ್ಲೂ ನಡೆಯಿತು. ಅದು ಒಳ್ಳೆಯ ಜಗಳ. ಕಾದಂಬರಿಗೆ ಪುಸ್ತಕದ ಸಾಕ್ಷಿ ಇತ್ತು. ತೆರೆದು ತೋರಿಸಿ ವಾದ ಮಾಡಬಹುದಿತ್ತು. ಹೆಸರಿಲ್ಲದ ಅಜ್ಜಿಯರ ಕಥೆಗೆ ಅಂಥ ಸಾಕ್ಷಿ ಇರಲಿಲ್ಲ. ಅದು ಬದಲಾದಾಗ ತಕರಾರು ತೆಗೆಯುವ ಲೇಖಕಿ ಯಾರು?

ಅಂಥ ಕಥೆಗಳನ್ನು ರಂಗಕ್ಕೆ ತಂದ ಗಿರೀಶ ಕಾರ್ನಾಡರು 1987–88ರಲ್ಲಿ ಷಿಕಾಗೋ ವಿಶ್ವವಿದ್ಯಾಲಯಕ್ಕೆ ಅತಿಥಿ ಪ್ರಾಧ್ಯಾಪಕರಾಗಿ ಹೋದರು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ಅವರಿಗೆ ರಾಮಾನುಜನ್ ಮೊದಲಿನಿಂದ ಪರಿಚಿತರು. ಅವರಿಂದ ಕೇಳಿದ ಎರಡು ಕಥೆಗಳನ್ನು ಹೆಣೆದು ಕಾರ್ನಾಡರು ಆ ಕಾಲದಲ್ಲಿ ‘ನಾಗಮಂಡಲ’ ನಾಟಕ ಬರೆದರು. ಒಂದು ಕಥೆ ಹಾವು ಗಂಡನ ರೂಪದಲ್ಲಿ ಬರುವುದು. ಇನ್ನೊಂದು, ತನಗೆ ಗೊತ್ತಿದ್ದ ಒಂದು ಕಥೆಯನ್ನೂ ಒಂದು ಹಾಡನ್ನೂ ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡ ಹೆಂಗಸಿನದು. ಉಸಿರುಗಟ್ಟಿದ ಕಥೆ, ಹಾಡು ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದು ಜೋಡು, ಅಂಗಿಗಳಾಗಿ ಮನೆ ಮುಂದೆ ಕೂರುತ್ತವೆ. ಗಂಡ ಅನುಮಾನಪಟ್ಟು ಜಗಳ ತೆಗೆದು ಗುಡಿಯಲ್ಲಿ ಹೋಗಿ ಮಲಗುತ್ತಾನೆ. ಅಲ್ಲಿ ಊರಿನ ದೀಪಗಳೆಲ್ಲ ರಾತ್ರಿ ಸೇರಿ ತಮ್ಮ ತಮ್ಮ ಮನೆಯ ಸುದ್ದಿ ಆಡುವುದನ್ನು ಕೇಳಿಸಿಕೊಳ್ಳುತ್ತಾನೆ. ಕಾರ್ನಾಡರ ನಾಟಕದಲ್ಲಿ ಆ ದೀಪದ ಕುಡಿಗಳೆಲ್ಲ ಹೆಣ್ಣುಗಳು. ಕಥೆಯೇ ಸೀರೆಯುಟ್ಟು ಬರುವ ಹೆಣ್ಣು. ಕೇಳುಗನಾಗಿ ಕೂರುವವನು, ಜನರನ್ನು ನಿದ್ದೆಗೆ ತಳ್ಳಿದ ಪಾಪಕ್ಕೆ ಸಾವಿನ ಶಾಪ ಹೊತ್ತ ನಾಟಕಕಾರ.

ನಾಟಕದ ನಡುವಿನ ನಾಯಕಿ, ರಾಣಿ ಎಂಬ ಹೆಸರಿನವಳನ್ನು ಗಂಡ ಅಪ್ಪಣ್ಣ ಮನೆಯೊಳಗೆ ಹಾಕಿ ಬೀಗ ಜಡಿದು ಸೂಳೆಯ ಮನೆಗೆ ಹೋಗುತ್ತಾನೆ. ಕುರುಡವ್ವ ಎಂಬ ಮುದುಕಿ ಕೊಟ್ಟ ಬೇರಿನ ಔಷಧ ಹುತ್ತದ ಪಾಲಾಗಿ, ನಾಗ ರಾತ್ರಿ ರಾತ್ರಿ ಗಂಡನ ರೂಪದಲ್ಲಿ ಬರುತ್ತಾನೆ. ರಾಣಿ ಬಸುರಾದಾಗ ಪಂಚಾಯಿತಿ. ಕಾದ ಕಬ್ಬಿಣ ಬೇಡವೆಂದು ಅವಳು ಹುತ್ತಕ್ಕೆ ಕೈ ಹಾಕಿ ನಾಗರವನ್ನು ಹಿಡಿದು ಪ್ರಮಾಣ ಮಾಡುತ್ತಾಳೆ: ಗಂಡನನ್ನೂ ಈ ಹಾವನ್ನೂ ಬಿಟ್ಟು ಬೇರೆ ಯಾವ ಗಂಡನ್ನೂ ಮುಟ್ಟಿದವಳಲ್ಲ ಎಂದು. ಅಕ್ಷರಕ್ಕೆ ಅಕ್ಷರ ನಿಜ. ಊರು ಕಾಲಿಗೆ ಬೀಳುತ್ತದೆ. ನನ್ನ ಮಟ್ಟಿಗೆ ಕನ್ನಡ ರಂಗಭೂಮಿಯಲ್ಲಿ ಒಬ್ಬ ಹೆಣ್ಣುಮಗಳು ಆಡಿದ ಅತ್ಯಂತ ಜಾಣತನದ ಮಾತುಗಳಲ್ಲಿ ಅದೂ ಒಂದು, ಮತ್ತು ಅದು ಕಾರ್ನಾಡರ ಕಲ್ಪನೆಯೊಂದರಿಂದಲೇ ಬಂದದ್ದಲ್ಲ. ಅಜ್ಜಿಯರ ಕಥೆಯಲ್ಲಿ ಆ ದಿವ್ಯ ಮೊದಲೇ ಇತ್ತು.

ಕಾರ್ನಾಡರು ಇನ್ನೊಂದು ಕೆಲಸ ಮಾಡಿದರು. ಕಥೆ ಮುಗಿದ ಮೇಲೆ ಕೇಳುಗರು ಸುಮ್ಮನಿರುವುದಿಲ್ಲ. ಗಂಡನ ಸ್ಪರ್ಶಕ್ಕೂ ಪ್ರಿಯಕರನ ಸ್ಪರ್ಶಕ್ಕೂ ಇರುವ ಭೇದ ರಾಣಿಗೆ ಗೊತ್ತಾಗದೇ ಇದ್ದೀತೇ ಎಂದು ನಾಟಕಕಾರ ಕೇಳುತ್ತಾನೆ. ನಾಗ ಸಾಯುವ ಅಂತ್ಯ ದೀಪಗಳಿಗೆ ಹಿಡಿಸುವುದಿಲ್ಲ. ಆಗ ಇನ್ನೊಂದು ಅಂತ್ಯ ಹುಟ್ಟುತ್ತದೆ. ನಾಗ ರಾಣಿಯ ಜಡೆಯಲ್ಲಿ ಉಳಿದುಕೊಳ್ಳುತ್ತಾನೆ. ಹೆಣ್ಣಿನ ಕಥೆಯ ಮುಗಿತಾಯ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಯನ್ನು ರಂಗದ ಮೇಲೇ ತಂದಿಟ್ಟ ಈ ನಾಟಕ 1993ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನ ಗತ್ರಿ ಥಿಯೇಟರ್‌ನಲ್ಲೂ ಪ್ರದರ್ಶನ ಕಂಡಿತು. ಇತ್ತ ಚಂದ್ರಶೇಖರ ಕಂಬಾರರೂ ಹಾವು, ಹೆಣ್ಣು, ಎರಡಾಗಿ ಸೀಳಿದ ಗಂಡಿನ ಕಥೆಯನ್ನೇ ‘ಸಿರಿಸಂಪಿಗೆ’ಯಲ್ಲಿ ತಮ್ಮದೇ ದಾರಿಯಲ್ಲಿ ನಾಟಕವಾಗಿಸಿದ್ದರು, ಅದಕ್ಕೆ 1991ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಇಷ್ಟು ಎಚ್ಚರದ ಕಾರ್ನಾಡರೇ ಮರವಾದ ಹುಡುಗಿಯನ್ನು ತೆರೆಗೆ ತಂದರು. 1992ರ ‘ಚೆಲುವಿ’ ಅವರೇ ನಿರ್ದೇಶಿಸಿದ ಚಿತ್ರ. ಭಾಷೆ ಹಿಂದಿ, ಹೆಸರು ಕನ್ನಡದ್ದು. ಸೋನಾಲಿ ಕುಲಕರ್ಣಿಗೆ ಅದು ಮೊದಲ ಚಿತ್ರ; ಸಂಗೀತ ಭಾಸ್ಕರ್ ಚಂದಾವರ್ಕರ್ ಅವರದು. ಹೆಸರಿಲ್ಲದ ಹುಡುಗಿಗೆ ಹೆಸರು ಬಂತು. ರಾಜಕುಮಾರ ಹೋಗಿ ಊರ ಯಜಮಾನನ ಮಗ ಕುಮಾರ ಬಂದ. ಅರಮನೆಯ ಜಾಗದಲ್ಲಿ ಕಾಡಂಚಿನ ಹಳ್ಳಿ. ಮರವಾಗುವ ದೃಶ್ಯದಲ್ಲಿ ಅಬ್ಬರದ ತಂತ್ರವಿಲ್ಲ, ಬೆಳಕು ಮತ್ತು ಹೂವು ಮಾತ್ರ. ನೋಡುವವರ ಉಸಿರು ತಾನಾಗಿ ನಿಧಾನವಾಗುತ್ತದೆ. ಹುಡುಗಾಟಿಕೆಯ ಕೈಗಳು ಕೊಂಬೆ ಮುರಿಯುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಚಿತ್ರ ಹೊರಳುವುದು ಅಲ್ಲಿಂದ. ಜಾನಪದ ಕಥೆಯ ಹುಡುಗಿ ಇಡಿಯಾಗಿ ಏಳುತ್ತಾಳೆ, ಚೆಲುವಿ ಏಳುವುದಿಲ್ಲ. ಅವಳ ಮುರಿದ ಕೊಂಬೆಗಳು ಸಿಗಬೇಕಾದ ಕಾಡೇ ಕಡಿದುಹೋಗಿದೆ. ಬೋಳು ನೆಲದ ಮೇಲೆ ಗಂಡ ಅಳುತ್ತಾನೆ.

ಆ ವರ್ಷದ ರಾಷ್ಟ್ರಪ್ರಶಸ್ತಿಗಳಲ್ಲಿ ಪರಿಸರ ಸಂರಕ್ಷಣೆಯ ಅತ್ಯುತ್ತಮ ಚಿತ್ರವೆಂದು ‘ಚೆಲುವಿ’ಗೆ ಮನ್ನಣೆ ಸಿಕ್ಕಿತು. ನ್ಯಾಯವಾದ ಮನ್ನಣೆ. ಉತ್ತರ ಕನ್ನಡದ ಸಾಲ್ಕಣಿಯ ಕಳಸೆ ಕಾಡಿನಲ್ಲಿ ಮರಗಳನ್ನು ಅಪ್ಪಿಕೊಂಡು ಉಳಿಸುವ ಅಪ್ಪಿಕೋ ಚಳವಳಿ ಶುರುವಾಗಿದ್ದು 1983ರಲ್ಲಿ. ಶಿರಸಿಯಲ್ಲಿ ಬಾಲ್ಯ ಕಳೆದ ಕಾರ್ನಾಡರಿಗೆ ಆ ಸೀಮೆಯ ಮರಗಳು ಕಣ್ಣೆದುರಿನವು. ಕಾಡು ಉಳಿಯದಿದ್ದರೆ ಹೆಣ್ಣೂ ಉಳಿಯಲಾರಳು ಎಂಬ ಅವರ ಸಿಟ್ಟು ದೊಡ್ಡದು, ಸಕಾಲಿಕವಾದದ್ದು. ಅದನ್ನು ಒಪ್ಪಿಕೊಂಡೂ ನನಗೆ ಆ ಅಂತ್ಯದ ಮೇಲೆ ತಕರಾರಿದೆ. ಕಾಡಿಗೆ ದನಿಯಾಗುವ ಹೊರೆ ಹೊತ್ತ ಗಳಿಗೆಯಲ್ಲಿ ಹುಡುಗಿ ತನ್ನ ದನಿ ಬಿಟ್ಟುಕೊಟ್ಟಳು. ಅಜ್ಜಿ ಹೇಳುವಾಗ ಮರವಾಗುವುದು ಅವಳ ವಿದ್ಯೆ, ಕೊಂಬೆ ಮುರಿದದ್ದು ಅವಳ ಮೈ, ರಿಪೇರಿಯ ದಾರಿ ಗೊತ್ತಿದ್ದದ್ದು ಅವಳಿಗೆ. ಗಂಡ ಅವಳು ಹೇಳಿದಂತೆ ಕೈ ಆಡಿಸಬೇಕು. ಮೊದಲ ರಾತ್ರಿ ಮರವಾಗು ಎಂದು ಅಪ್ಪಣೆ ಮಾಡಿದವನಿಗೆ ಕೊನೆಯ ರಾತ್ರಿ ಅವಳ ಅಪ್ಪಣೆ. ಈ ತಿರುವೇ ಆ ಕಥೆಯ ಬೆನ್ನೆಲುಬು ಎಂದು ನಾನು ತಿಳಿದಿದ್ದೇನೆ. ಚಿತ್ರದಲ್ಲಿ ಅದಕ್ಕೆ ಜಾಗವಾಗಲಿಲ್ಲ. ನೋಡುಗರು ಅತ್ತದ್ದು ಅವಳಿಗಾಗಿ, ಎದ್ದು ಹೋಗುವಾಗ ನೆನೆದದ್ದು ಕಾಡನ್ನು.

ರಾಜಸ್ಥಾನದಲ್ಲೂ ಇಂಥದೇ ಒಂದು ಪ್ರಯಾಣ ನಡೆದಿದೆ. ವಿಜಯದಾನ್ ದೇಥಾ ಅವರ ‘ದುವಿಧಾ’ ಕಥೆಯಲ್ಲಿ ವ್ಯಾಪಾರಕ್ಕೆ ಹೋದ ಗಂಡನ ರೂಪ ತೊಟ್ಟು ಭೂತವೊಂದು ಹೊಸ ಮದುವಣಗಿತ್ತಿಯ ಬಳಿ ಬರುತ್ತದೆ, ನಮ್ಮ ರಾಣಿಗೆ ಹೇಳದ ಸತ್ಯವನ್ನು ಅವಳಿಗೆ ಹೇಳಿಯೇ ಬರುತ್ತದೆ, ಅವಳು ತಿಳಿದೇ ಒಪ್ಪುತ್ತಾಳೆ. ಮಣಿ ಕೌಲ್ 1973ರಲ್ಲಿ ಮಾಡಿದ ಚಿತ್ರದಲ್ಲಿ ಭೂತ ಚರ್ಮದ ಚೀಲದಲ್ಲಿ ಸಿಕ್ಕಿಬಿದ್ದು ದೂರವಾಗುತ್ತದೆ, ಅವಳು ಬೇಡದ ಗಂಡನ ಜೊತೆ ಉಳಿಯುತ್ತಾಳೆ. ಅಮೋಲ್ ಪಾಲೇಕರ್ 2005ರಲ್ಲಿ ಅದನ್ನೇ ‘ಪಹೇಲಿ’ ಮಾಡಿದಾಗ ಭೂತ ಗಂಡನ ಮೈಯೊಳಗೇ ಹೊಕ್ಕು ನಿಂತಿತು. ಆ ಚಿತ್ರದ ಮದುವಣಗಿತ್ತಿ ಲಚ್ಚಿಗೆ ತಾನು ಆರಿಸಿಕೊಂಡದ್ದು ದಕ್ಕಿತು. ಜನಪ್ರಿಯ ಸಿನಿಮಾ ಹೆಣ್ಣಿನ ಪಾತ್ರವನ್ನು ಯಾವಾಗಲೂ ಕುಗ್ಗಿಸುತ್ತದೆ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಶಾರುಖ್ ಖಾನ್ ಇದ್ದ ಚಿತ್ರವೇ ಅವಳ ಆಸೆಯ ಪರ ನಿಂತಿತು.

ರಾಮಾನುಜನ್ 1993ರ ಜುಲೈ 13ರಂದು ಷಿಕಾಗೋದಲ್ಲಿ ತೀರಿಕೊಂಡರು. ಅವರು ಸಂಗ್ರಹಿಸಿದ ಕನ್ನಡ ಕಥೆಗಳ ಇಂಗ್ಲಿಷ್ ಪುಸ್ತಕ 1997ರಲ್ಲಿ ಹೊರಬಂತು. ಅದಕ್ಕೆ ಹೆಸರಾದದ್ದು ಮರವಾದ ಹುಡುಗಿಯ ಕಥೆಯೇ. ಅವಳನ್ನು ಹೆಂಗಸರ ಕಥೆಯ ನಾಯಕಿಯೆಂದು ಅವರು ಓದಿದ ಬರಹ ಅದರಲ್ಲಿದೆ. ಮರವಾಗಿರುವಾಗಲೇ ಅವಳು ಎಲ್ಲರಿಗಿಂತ ಹೆಚ್ಚು ಕೊಡುವವಳೂ ಎಲ್ಲರಿಗಿಂತ ನಿಸ್ಸಹಾಯಕಳೂ ಆಗಿರುತ್ತಾಳೆ ಎಂಬುದನ್ನು, ಮಾತು ಸಿಕ್ಕಾಗ ಅವಳು ಮತ್ತೆ ಮನುಷ್ಯಳಾಗುತ್ತಾಳೆ ಎಂಬುದನ್ನು ಅವರು ಬಿಡಿಸಿಟ್ಟರು. ಚಿತ್ರ ಬಂದು ಆಗ ಐದು ವರ್ಷವಾಗಿತ್ತು.

ಅದೇ 1997ರ ಹೊತ್ತಿಗೆ ‘ನಾಗಮಂಡಲ’ವೂ ಸಿನಿಮಾ ಆಯಿತು. ನಿರ್ದೇಶನ ಟಿ.ಎಸ್. ನಾಗಾಭರಣ, ನಿರ್ಮಾಣ ಶ್ರೀಹರಿ ಖೋಡೆ, ಸಂಗೀತ ಸಿ. ಅಶ್ವಥ್. ಅಪ್ಪಣ್ಣನೂ ನಾಗನೂ ಪ್ರಕಾಶ್ ರೈ. ರಾಣಿಯಾಗಿ ವಿಜಯಲಕ್ಷ್ಮಿ, ಕುರುಡವ್ವನಾಗಿ ಬಿ. ಜಯಶ್ರೀ. ಉತ್ತರ ಕರ್ನಾಟಕದ ಮಾತು ದೊಡ್ಡ ತೆರೆಯ ಮೇಲೆ ಹೆಚ್ಚಾಗಿ ಹಾಸ್ಯಕ್ಕೆ ಬಳಕೆಯಾಗುತ್ತಿದ್ದ ಕಾಲದಲ್ಲಿ, ಪ್ರೀತಿಯನ್ನೂ ದುಃಖವನ್ನೂ ಆ ಮಾತಿನಲ್ಲೇ ಆಡಿಸಿದ ಚಿತ್ರ ಅದು. ಯಾದಗಿರಿ, ಶಹಾಪುರ, ಸುರಪುರದ ಕಡೆಯವರಿಗೆ ಅದರ ಬೆಲೆ ಗೊತ್ತು. ಇಬ್ಬರು ಗಂಡುಗಳಿಗೂ ಒಂದೇ ಮುಖ ನಾಟಕದಲ್ಲೂ ಇದೆ, ಆದರೆ ಕ್ಯಾಮೆರಾ ಆ ಮುಖದ ಹತ್ತಿರ ಹೋದಾಗ ತೂಕ ಬದಲಾಗುತ್ತದೆ. ಕ್ರೌರ್ಯ, ಕರುಣೆ ಎರಡನ್ನೂ ಆಡುವ ನಟನ ಚಾತುರ್ಯವೇ ಕಣ್ಣು ತುಂಬುತ್ತದೆ. ರಾಣಿಯ ಅನುಮಾನ, ರಾಣಿಯ ತಿಳಿವು ಹಿಂದೆ ಸರಿಯುತ್ತವೆ.

ಆದರೆ ಆ ಚಿತ್ರ ಅವಳಿಗೆ ನಾಟಕ ಕೊಡದ ಒಂದನ್ನು ಕೊಟ್ಟಿತು. ಬೀಗ ಹಾಕಿದ ಮನೆಯಲ್ಲಿ ರಾಣಿ ಕಂಬದ ಮೇಲಿನ ಗೊಂಬೆಯನ್ನು ಮಾತಾಡಿಸುವ ಹಾಡು. ಗೋಪಾಲ ಯಾಜ್ಞಿಕರ ಸಾಹಿತ್ಯ, ಅಶ್ವಥ್ ರಾಗ. ಕೇಳುವವರು ಯಾರೂ ಇಲ್ಲದ ಸೊಸೆ ಕಟ್ಟಿಗೆಯ ಗೊಂಬೆಯನ್ನೇ ಗೆಳತಿ ಮಾಡಿಕೊಳ್ಳುತ್ತಾಳೆ. ಕಥೆ ಮತ್ತು ಹಾಡನ್ನು ಬಚ್ಚಿಟ್ಟುಕೊಂಡ ಆ ಹೆಂಗಸಿನ ಪಾಡಿಗೆ ಇದು ಬಹಳ ಹತ್ತಿರದ್ದು, ಬರೆದವರು ಉದ್ದೇಶಪಟ್ಟಿರಲಿ ಬಿಡಲಿ. ಆ ಹಾಡು ಚಿತ್ರದಿಂದ ಬಿಡಿಸಿಕೊಂಡು ಮದುವೆ ಮನೆ, ಕಾಲೇಜು ವೇದಿಕೆ, ಹೆಂಗಸರ ಹಾಡಿನ ಮೇಳಗಳಿಗೆ ಹೋಯಿತು. ತೆರೆ ಕಸಿದುಕೊಂಡದ್ದರ ಲೆಕ್ಕ ಹಾಕುವಾಗ ಇದನ್ನು ಕೊಟ್ಟದ್ದರ ಕಡೆ ಬರೆಯಲೇಬೇಕು.

ಮರವಾದ ಹುಡುಗಿಯ ಪ್ರಯಾಣ ಅಲ್ಲಿಗೇ ನಿಲ್ಲಲಿಲ್ಲ. ಮೊಜಾರ್ಟ್ ಹುಟ್ಟಿದ 250ನೇ ವರ್ಷದ ಉತ್ಸವಕ್ಕಾಗಿ ಅಮೆರಿಕದ ಸಂಗೀತಕಾರ ಜಾನ್ ಆಡಮ್ಸ್ ರಾಮಾನುಜನ್‌ರ ಪುಸ್ತಕದ ಆ ಕಥೆಯನ್ನೇ ಎತ್ತಿಕೊಂಡು ಒಪೇರಾ ಬರೆದರು. ಪೀಟರ್ ಸೆಲ್ಲರ್ಸ್ ನಿರ್ದೇಶನದಲ್ಲಿ ಅದು 2006ರ ನವೆಂಬರ್‌ನಲ್ಲಿ ವಿಯೆನ್ನಾದಲ್ಲಿ ಮೊದಲ ಪ್ರದರ್ಶನ ಕಂಡಿತು. ವೆನಿಜುವೆಲಾದ ಮೇಳ ಸ್ಪ್ಯಾನಿಷ್‌ನಲ್ಲಿ ಹಾಡಿತು. ಅಲ್ಲಿ ಅವಳ ಹೆಸರು ಕುಮುದಾ. ಅವರು ಅಂತ್ಯವನ್ನು ಬದಲಿಸಲಿಲ್ಲ. ಗಂಡ ಹೆಂಡಿರು ಸೇರುತ್ತಾರೆ, ನೀರು ಸುರಿಯುತ್ತಾರೆ, ಅವಳು ಪೂರ್ತಿಯಾಗುತ್ತಾಳೆ. ಕೊಡ, ನೀರು, ಉಗುರಿನ ಕಟ್ಟಳೆ ಗೊತ್ತಿಲ್ಲದ ದೇಶದಲ್ಲಿ ನಮ್ಮ ಅಜ್ಜಿಯರ ತೀರ್ಪು ಉಳಿದುಕೊಂಡಿತು.

ಕನ್ನಡದಲ್ಲಿ ಇದನ್ನು ಮತ್ತೆ ತೆರೆಗೆ ತರುವವರು ಬಂದರೆ ನನ್ನ ಬೇಡಿಕೆ ಇಷ್ಟು. ಹುಡುಗಿಗೆ ಹೆಸರಿಡದಿದ್ದರೂ ನಡೆಯುತ್ತದೆ. ಹತ್ತಿ ಗಾಡಿ ಇರಲಿ. ರಾಯಚೂರು, ಯಾದಗಿರಿ ಸೀಮೆಯಲ್ಲಿ ಅದಕ್ಕೆ ಬೇಕಾದ ಕಪ್ಪು ನೆಲವಿದೆ. ಅವಳ ಮಾತು ಹಳ್ಳಿಯ ಮಾತಾಗಿರಲಿ. ಎಲ್ಲಕ್ಕಿಂತ ಮೊದಲು, ಆ ಕೊನೆಯ ರಾತ್ರಿ ಅವಳು ಮಾತಾಡತೊಡಗಿದಾಗ ಹಿನ್ನೆಲೆ ಸಂಗೀತ ಹಾಕಿ ಮುಚ್ಚಬಾರದು. ತಾಯಿಯ ಏಟು, ಗಂಡನ ಮೊದಲ ರಾತ್ರಿಯ ಒತ್ತಾಯ, ಅತ್ತೆಯ ಅಪ್ಪಣೆ, ನಾದಿನಿಯ ಅವಸರದ ಕೈ, ಒಂದನ್ನೂ ಬಿಡದೆ ಅವಳು ಹೇಳಬೇಕು, ಅವನು ಪೂರ್ತಿ ಕೇಳಬೇಕು. ಆಮೇಲೆ ಕೊಡ ಎತ್ತಿಕೊಳ್ಳಲಿ.